ಯಾವ ಸಮುದ್ರದಿಂದ ಎತ್ತರ?

ಮುಂಗಾರು ಹಿಡಿಯಿತೆಂದರೆ ದಿನಪತ್ರಿಕೆಯ ಒಂದು ಮೂಲೆಯಲ್ಲಿ ಜಲಾಶಯಗಳ ನೀರಿನ ಮಟ್ಟದ ಪಟ್ಟಿ ಕಾಣಿಸಿಕೊಳ್ಳುತ್ತದೆ. ಕೆಆರ್‌ಎಸ್ 124.80 ಅಡಿ, ಲಿಂಗನಮಕ್ಕಿ 1819 ಅಡಿ, ತುಂಗಭದ್ರಾ 1633 ಅಡಿ, ಆಲಮಟ್ಟಿ 519.60 ಮೀಟರ್. ಈ ಗರಿಷ್ಠ ಮಟ್ಟಗಳು ಎಷ್ಟೋ ರೈತರ ಮನೆಗಳಲ್ಲಿ ಮಕ್ಕಳಿಗೂ ಬಾಯಿಪಾಠ. ಹಾಗಾದರೆ ಲಿಂಗನಮಕ್ಕಿಯ ಕಟ್ಟೆ ಕೆಆರ್‌ಎಸ್ ಕಟ್ಟೆಗಿಂತ ಹದಿನಾಲ್ಕು ಹದಿನೈದು ಪಟ್ಟು ಎತ್ತರವೇ? ಅಲ್ಲವೇ ಅಲ್ಲ. ಅದು ಇರುವುದು ಇನ್ನೂರು ಅಡಿಯ ಆಸುಪಾಸು. ಕೆಆರ್‌ಎಸ್‌ನ ಅಡಿಗಳನ್ನು ಎಣಿಸುವುದು ಕಟ್ಟೆಯ ತಳದಿಂದ, ಲಿಂಗನಮಕ್ಕಿ, ತುಂಗಭದ್ರಾ, ಆಲಮಟ್ಟಿಗಳದನ್ನು ಎಣಿಸುವುದು ಸಮುದ್ರದಿಂದ. ಪಟ್ಟಿ ಒಂದೇ, ಸೊನ್ನೆ ಮಾತ್ರ ಎರಡು.

ಎತ್ತರದ ವಿಷಯದಲ್ಲಿ ಜಗಳವೆಲ್ಲ ಈ ಸೊನ್ನೆಯದೇ. ಕೃಷ್ಣಾ ನೀರಿನ ಎರಡನೇ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯನ್ನು 519.60ರಿಂದ 524.256 ಮೀಟರಿಗೆ ಏರಿಸಲು ಒಪ್ಪಿತು. ದಶಾಂಶದ ಮುಂದಿನ ಆ ಮೂರು ಅಂಕಿಗಳನ್ನು ನೋಡಿ ಯಾರೋ ಮಿಲಿಮೀಟರ್ ಲೆಕ್ಕದಲ್ಲಿ ಅಳೆದಿದ್ದಾರೆ ಎಂದುಕೊಳ್ಳಬೇಡಿ. ಸರಿಯಾಗಿ 1720 ಅಡಿಯನ್ನು ಮೀಟರಿಗೆ ತಿರುಗಿಸಿದರೆ ಬರುವ ಬಾಲ ಅದು. ಆದರೂ ನೆರೆಯ ರಾಜ್ಯಗಳು ಈ ಅಂಕಿಯನ್ನು ಹಿಡಿದು ವಾದ ಮಾಡಲು ಸಾಧ್ಯವಾಗಿದೆ, ಏಕೆಂದರೆ ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಆಂಧ್ರಕ್ಕೂ ತೆಲಂಗಾಣಕ್ಕೂ ಸೊನ್ನೆ ಒಂದೇ. ಜಗಳವಾಡುವುದಕ್ಕೂ ಒಂದು ಒಪ್ಪಂದ ಬೇಕು. ಆ ಒಪ್ಪಂದ ಎಲ್ಲಿ ಹುಟ್ಟಿತು, ಈಗ ಅದನ್ನು ಇಡೀ ಭೂಮಿಗೆ ಒಂದೇ ಆದ ಮತ್ತೊಂದು ಸೊನ್ನೆಗೆ ಏಕೆ ಕಟ್ಟಬೇಕಾಗಿದೆ ಎನ್ನುವುದು ಇವತ್ತಿನ ಮಾತು.

‘ಸಮುದ್ರ ಮಟ್ಟದಿಂದ ಇಷ್ಟು ಎತ್ತರ’ ಎಂದು ಶಾಲೆಯ ಪುಸ್ತಕದಲ್ಲಿ ಓದಿದ್ದೇವೆ, ರೈಲು ನಿಲ್ದಾಣದ ಹಳದಿ ಫಲಕದಲ್ಲಿ ನೋಡಿದ್ದೇವೆ. ಯಾವ ಸಮುದ್ರ ಎಂದು ಕೇಳಿದವರು ಕಡಿಮೆ. ಭಾರತದ ಮಟ್ಟಿಗೆ ಉತ್ತರ ಸ್ಪಷ್ಟವಾಗಿಯೇ ಇದೆ: ಒಂಬತ್ತು ಬಂದರುಗಳ ಸಮುದ್ರ. ಕರಾಚಿ, ಮುಂಬೈ, ಕಾರವಾರ, ಬೇಪೂರು, ಕೊಚ್ಚಿ, ನಾಗಪಟ್ಟಣಂ, ಮದ್ರಾಸು, ವಿಶಾಖಪಟ್ಟಣ, ಮತ್ತು ಒಡಿಶಾ ಕರಾವಳಿಯ ಫಾಲ್ಸ್ ಪಾಯಿಂಟ್. ನಮ್ಮ ಕಾರವಾರ ಆ ಪಟ್ಟಿಯಲ್ಲಿ ಮೂರನೆಯದು. ಮೊದಲನೆಯದು ಈಗ ಬೇರೆ ದೇಶದಲ್ಲಿದೆ. ಗಡಿ ಎಳೆದವರು ಸೊನ್ನೆಯನ್ನು ಹಂಚಿಕೊಳ್ಳಲು ಮರೆತರು ಅಂತ ಕಾಣುತ್ತದೆ.

ಈ ಬಂದರುಗಳಲ್ಲಿ ಉಬ್ಬರವಿಳಿತ ಅಳೆಯುವ ಮಾಪಕಗಳನ್ನು ಇಟ್ಟಿದ್ದರು. ಒಂದು ಬಾವಿ, ಅದರ ತಳಕ್ಕೆ ಕಡಲಿನಿಂದ ಸಣ್ಣ ಕಿಂಡಿ, ಅಲೆಯ ಹೊಡೆತ ಒಳಗೆ ಬರುವುದಿಲ್ಲ, ನೀರಿನ ನಿಧಾನದ ಏರಿಳಿತ ಮಾತ್ರ ಬರುತ್ತದೆ. ಬಾವಿಯಲ್ಲಿ ತೇಲುವ ಬೆಂಡು, ಬೆಂಡಿಗೆ ಕಟ್ಟಿದ ತಂತಿ, ತಂತಿಯ ತುದಿಗೆ ತಿರುಗುವ ಉರುಳೆಯ ಮೇಲೆ ಗೆರೆ ಎಳೆಯುವ ಪೆನ್ಸಿಲು. ಹಗಲೂ ರಾತ್ರಿ ಎಳೆದ ಆ ಗೆರೆಗಳ ಸರಾಸರಿಯೇ ‘ಸರಾಸರಿ ಸಮುದ್ರ ಮಟ್ಟ’. ಚಂದ್ರನ ಕಕ್ಷೆಯ ಓಲಾಟ ಒಂದು ಸುತ್ತು ಮುಗಿಸಲು 18.6 ವರ್ಷ ಬೇಕು. ಆದ್ದರಿಂದ ಸರಿಯಾದ ಸರಾಸರಿಗೆ ಹತ್ತೊಂಬತ್ತು ವರ್ಷವಾದರೂ ಕಾಯಬೇಕು. ಆಗ ಎಲ್ಲ ಬಂದರುಗಳಲ್ಲೂ ಅಷ್ಟು ತಾಳ್ಮೆ ಇರಲಿಲ್ಲ.

ಕಡಲತಡಿಯಲ್ಲಿ ಸಿಕ್ಕ ಸೊನ್ನೆಯನ್ನು ಒಳನಾಡಿಗೆ ತರುವುದು ಹೇಗೆ? ನಡೆದುಕೊಂಡೇ. 1858ರಲ್ಲಿ ಸರ್ವೆ ಇಲಾಖೆ ನಿಖರ ಲೆವೆಲಿಂಗ್ ಶುರುಮಾಡಿತು. ನಡುವೆ ಮುಕ್ಕಾಲಿಯ ಮೇಲೆ ದೂರದರ್ಶಕವಿರುವ ಲೆವೆಲ್ ಉಪಕರಣ, ಹಿಂದೊಂದು ಮುಂದೊಂದು ಅಂಕಿ ಬರೆದ ಪಟ್ಟಿ. ಗುಳ್ಳೆ ನಡುವಿಗೆ ಬಂದ ಮೇಲೆ ಹಿಂದಿನ ಪಟ್ಟಿಯ ಅಂಕಿ ಓದು, ಮುಂದಿನದರ ಅಂಕಿ ಓದು, ಒಂದರಿಂದ ಒಂದನ್ನು ಕಳೆ. ಅಷ್ಟೇ ಎತ್ತರ ಏರಿದೆ ಅಥವಾ ಇಳಿದಿದೆ. ಉಪಕರಣವನ್ನು ಎತ್ತಿ ಮುಂದೆ ಇಡು, ಮತ್ತೆ ಓದು. ಹೆದ್ದಾರಿಯುದ್ದಕ್ಕೂ, ರೈಲುಹಳಿಯುದ್ದಕ್ಕೂ, ಘಟ್ಟ ಹತ್ತಿ ಘಟ್ಟ ಇಳಿದು ಅರ್ಧ ಶತಮಾನ ಈ ಕೆಲಸ ನಡೆಯಿತು. ದಾರಿಯಲ್ಲಿ ದೇವಸ್ಥಾನದ ಮೆಟ್ಟಿಲು, ಸೇತುವೆಯ ಕಟ್ಟೆ, ಸರ್ಕಾರಿ ಕಟ್ಟಡದ ಜಗಲಿ ಹೀಗೆ ಅಲುಗದ ಕಲ್ಲು ಕಂಡಲ್ಲಿ ‘ಜಿಟಿಎಸ್ ಬಿಎಂ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕೊರೆದು ಅದರ ಎತ್ತರವನ್ನು ಪುಸ್ತಕದಲ್ಲಿ ಬರೆದಿಟ್ಟರು. ಮಹಾ ತ್ರಿಕೋನಮಿತೀಯ ಸರ್ವೆಯ ಬೆಂಚ್‌ಮಾರ್ಕ್ ಎಂದರ್ಥ. 1909ರ ಹೊತ್ತಿಗೆ ದೇಶದ ಉದ್ದಗಲಕ್ಕೂ ಈ ಗೆರೆಗಳ ಬಲೆ ಹರಡಿತ್ತು. ಸಿಡ್ನಿ ಬರ್ರಾರ್ಡ್ ಎಂಬ ಅಧಿಕಾರಿ ಅದನ್ನೆಲ್ಲ ಒಟ್ಟಿಗೆ ಹೊಂದಿಸಿ ಲೆಕ್ಕ ಮಾಡಿಸಿದರು.

ಹೊಂದಿಸುವಾಗ ಒಂದು ತೀರ್ಮಾನ ಮಾಡಬೇಕಾಯಿತು. ಒಂಬತ್ತೂ ಬಂದರುಗಳಲ್ಲಿ ಸಮುದ್ರದ ಸರಾಸರಿ ಮಟ್ಟ ಸೊನ್ನೆ ಎಂದು ಹಿಡಿದರು. ಎಲ್ಲ ಕಡಲೂ ಒಂದೇ ನೀರು, ನೀರು ತನ್ನ ಮಟ್ಟ ತಾನೇ ಕಂಡುಕೊಳ್ಳುತ್ತದೆ, ಇದರಲ್ಲಿ ತಪ್ಪೇನು ಎನಿಸುತ್ತದೆ. ಆದರೆ ಅವರದೇ ಲೆವೆಲಿಂಗ್ ಬೇರೆ ಮಾತು ಹೇಳುತ್ತಿತ್ತು. ಮುಂಬೈ ತೀರದಿಂದ ಹೊರಟು ಅಳೆಯುತ್ತ ವಿಶಾಖಪಟ್ಟಣಕ್ಕೆ ಬಂದರೆ ಅಲ್ಲಿನ ಕಡಲು ಸುಮಾರು 30 ಸೆಂಟಿಮೀಟರ್ ಎತ್ತರದಲ್ಲಿ ಇರುತ್ತಿತ್ತು. ನೂರಾರು ಮೈಲಿ ನಡೆದ ಮೇಲೆ ಒಂದು ಅಡಿ ಹೆಚ್ಚುಕಮ್ಮಿ, ಇದು ಅಳತೆಯ ದೋಷ ಎಂದು ತಳ್ಳಿಹಾಕುವುದು ಸುಲಭ. ಬಲವಂತವಾಗಿ ಎರಡೂ ಕಡೆ ಸೊನ್ನೆ ಮಾಡಿ ಆ ಒಂದು ಅಡಿಯನ್ನು ದೇಶದ ಮೇಲೆ ಹಂಚಿಬಿಟ್ಟರು.

ಅದು ಅಳತೆಯ ದೋಷ ಆಗಿರಲಿಲ್ಲ. ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಡಿ. ಶಂಕರ್ ಮತ್ತು ಸತೀಶ ಶೇಟ್ಯೆ 2001ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅದರ ಕಾರಣ ತೋರಿಸಿದರು. ಕಾರಣ ಉಪ್ಪು. ಗಂಗೆ, ಬ್ರಹ್ಮಪುತ್ರ, ಮಹಾನದಿ, ಗೋದಾವರಿ, ನಮ್ಮ ಕೃಷ್ಣೆ ಎಲ್ಲವೂ ಸಿಹಿನೀರನ್ನು ತಂದು ಸುರಿಯುವುದು ಬಂಗಾಳ ಕೊಲ್ಲಿಗೆ. ಅಲ್ಲಿನ ನೀರು ಅರಬ್ಬೀ ಸಮುದ್ರದ ನೀರಿಗಿಂತ ಸಪ್ಪೆ, ಆದ್ದರಿಂದ ಹಗುರ, ಹಗುರವಾದದ್ದು ಅಷ್ಟು ಮೇಲೆ ನಿಲ್ಲುತ್ತದೆ. ಮಹಾಬಳೇಶ್ವರದಲ್ಲಿ ಹುಟ್ಟಿ ಅರಬ್ಬೀ ಸಮುದ್ರಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಹರಿಯುವ ಕೃಷ್ಣೆ ಬಂಗಾಳ ಕೊಲ್ಲಿಯ ಮಟ್ಟ ಏರಿಸುವುದರಲ್ಲಿ ತನ್ನ ಪಾಲಿನ ಕೆಲಸ ಮಾಡುತ್ತಿದೆ. ಬಂಡೆ ಕೊರೆದು ಮಟ್ಟ ಹಿಡಿದ ಆ ಹಳೆಯ ಸರ್ವೆಯರುಗಳು ನಿಜವನ್ನೇ ಅಳೆದಿದ್ದರು. ಅವರ ಅಳತೆಯನ್ನು ನಂಬದೆ ಕಡಲನ್ನು ನಂಬಿದ್ದು ಲೆಕ್ಕ ಮಾಡುವ ಕೋಣೆಯಲ್ಲಿ ಕುಳಿತವರು.

ಹಾಗಾದರೆ ಸಮುದ್ರ ಮಟ್ಟ ಎನ್ನುವುದು ಸಮತಟ್ಟಲ್ಲ. ಪ್ರವಾಹ, ಗಾಳಿ, ಉಷ್ಣತೆ, ಉಪ್ಪು ಸೇರಿ ಜಗತ್ತಿನ ಬೇರೆ ಬೇರೆ ಕಡಲುಗಳ ಸರಾಸರಿ ಮೇಲ್ಮೈ ಮೀಟರಿನಷ್ಟು, ಕೆಲವೆಡೆ ಅದಕ್ಕೂ ಹೆಚ್ಚು ಮೇಲೆ ಕೆಳಗೆ ಇರುತ್ತದೆ. ಅದು ಸ್ಥಿರವೂ ಅಲ್ಲ. 1901ರಿಂದ 2018ರವರೆಗೆ ಜಾಗತಿಕ ಸರಾಸರಿ ಸಮುದ್ರ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. ನೂರು ವರ್ಷದ ಹಿಂದಿನ ಸೊನ್ನೆ ಇಂದಿನ ಕಡಲಿನ ಸೊನ್ನೆಯಲ್ಲ. ಇಂಥ ನೀರಿಗೆ ದೇಶದ ಎತ್ತರಗಳನ್ನೆಲ್ಲ ಕಟ್ಟಿ ಕೂತಿದ್ದೇವೆ. ನಾವಷ್ಟೇ ಅಲ್ಲ, ಎಲ್ಲ ದೇಶದವರೂ.

ಕಟ್ಟಬೇಕಾದದ್ದು ಮತ್ತೆ ಯಾವುದಕ್ಕೆ? ಇದಕ್ಕೆ ಮನೆ ಕಟ್ಟುವ ಮೇಸ್ತ್ರಿಯನ್ನು ನೋಡಬೇಕು. ಈ ಗೋಡೆಯ ಗುರುತನ್ನು ಮನೆಯ ಇನ್ನೊಂದು ಮೂಲೆಗೆ ಒಯ್ಯಲು ಅವನು ಪಾರದರ್ಶಕ ಪೈಪಿಗೆ ನೀರು ತುಂಬುತ್ತಾನೆ. ಒಂದು ತುದಿಯನ್ನು ಕೆಲಸದವನ ಕೈಗೆ ಕೊಟ್ಟು ಗುರುತಿಗೆ ಹಿಡಿಸುತ್ತಾನೆ, ಇನ್ನೊಂದು ತುದಿಯನ್ನು ಎಳೆದುಕೊಂಡು ಕೋಣೆ ದಾಟಿ ಹೋಗುತ್ತಾನೆ. ಒಳಗೆ ಗಾಳಿಗುಳ್ಳೆ ಇದ್ದರೆ ಬೆರಳಿನಿಂದ ತಟ್ಟಿ ಹೊರಗೆ ಹಾಕುತ್ತಾನೆ, ನೀರು ಅಲುಗಾಡುವುದು ನಿಲ್ಲಲಿ ಎಂದು ಕಾಯುತ್ತಾನೆ. ನೀರು ನಿಂತ ಜಾಗದಲ್ಲಿ ಪೆನ್ಸಿಲ್ ಗೀಟು. ಅಲ್ಲಿಗೆ ಎರಡು ಮೂಲೆಗಳೂ ಒಂದೇ ಮಟ್ಟ. ಆ ಮಟ್ಟವನ್ನು ತೀರ್ಮಾನಿಸಿದ್ದು ಟೇಪಲ್ಲ, ಭೂಮಿಯ ಎಳೆತ. ನೀರು ಇಲ್ಲಿಂದ ಅಲ್ಲಿಗೆ ಹರಿಯಲು ಕಾರಣವೇ ಇಲ್ಲದ ಸ್ಥಿತಿಗೆ ಮಟ್ಟ ಎನ್ನುತ್ತೇವೆ.

ಆ ಪೈಪನ್ನು ಮನಸ್ಸಿನಲ್ಲೇ ಕಾರವಾರದಿಂದ ಘಟ್ಟದ ಅಡಿಯಲ್ಲಿ ಹಾಯಿಸಿ ಹುಬ್ಬಳ್ಳಿಗೆ, ಬೆಂಗಳೂರಿಗೆ, ಅಲ್ಲಿಂದ ಹಿಮಾಲಯದ ಬುಡದವರೆಗೆ ಎಳೆಯಿರಿ. ಗಾಳಿಯಿಲ್ಲ, ಉಬ್ಬರವಿಲ್ಲ, ಉಪ್ಪಿನ ಏರುಪೇರಿಲ್ಲ. ನೀರು ಎಲ್ಲೆಲ್ಲಿ ನಿಲ್ಲುತ್ತದೋ ಆ ಬಿಂದುಗಳನ್ನೆಲ್ಲ ಸೇರಿಸಿದರೆ ಭೂಮಿಯನ್ನೆಲ್ಲ ಸುತ್ತುವ ಒಂದು ಮೇಲ್ಮೈ ಸಿಗುತ್ತದೆ. ಅದೇ ಜಿಯಾಯ್ಡ್. ಕಲ್ಪನೆ ಗಣಿತಜ್ಞ ಗೌಸ್ 1828ರಲ್ಲಿ ಕೊಟ್ಟದ್ದು, ಹೆಸರು 1873ರ ಸುಮಾರಿಗೆ ಲಿಸ್ಟಿಂಗ್ ಇಟ್ಟದ್ದು. ಅದರ ಮೇಲೆ ಎಲ್ಲೆಲ್ಲೂ ಗುರುತ್ವದ ವಿಭವ ಒಂದೇ. ಅಂದರೆ ಒಂದು ಕಿಲೋ ತೂಕದ ವಸ್ತುವನ್ನು ಆ ಮೇಲ್ಮೈಯ ಮೇಲೆ ಎಲ್ಲಿಂದ ಎಲ್ಲಿಗೆ ಒಯ್ದರೂ ಎತ್ತಿದಂತಾಗುವುದಿಲ್ಲ, ಇಳಿಸಿದಂತೆಯೂ ಆಗುವುದಿಲ್ಲ.

ಇದು ನುಣುಪಾದ ಗೋಳವೇನಲ್ಲ. ಒಳಗಿನ ಬಂಡೆ ಎಲ್ಲಿ ದಟ್ಟವೋ ಅಲ್ಲಿ ಎಳೆತ ಹೆಚ್ಚು, ಎಲ್ಲಿ ಹಗುರವೋ ಅಲ್ಲಿ ಕಡಿಮೆ. ಅದಕ್ಕೆ ತಕ್ಕಂತೆ ಮೇಲ್ಮೈ ಉಬ್ಬುತ್ತದೆ, ತಗ್ಗುತ್ತದೆ. ನ್ಯೂಗಿನಿಯ ಕಡೆ ಸುಮಾರು 85 ಮೀಟರ್ ಉಬ್ಬಿದೆ. ಇಡೀ ಭೂಮಿಯಲ್ಲೇ ಅತಿ ಆಳವಾದ ತಗ್ಗು ಇರುವುದು ನಮ್ಮ ಹತ್ತಿರ, ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಸುಮಾರು 106 ಮೀಟರ್ ತಗ್ಗು. ಡಚ್ ಭೂಭೌತಶಾಸ್ತ್ರಜ್ಞ ವೆನಿಂಗ್ ಮೈನೆಸ್ 1948ರಲ್ಲಿ ಹಡಗಿನ ಗುರುತ್ವ ಅಳತೆಗಳಿಂದ ಗುರುತಿಸಿದ್ದು ಇದು. ಏಕೆ ಹೀಗೆ ಎನ್ನುವುದಕ್ಕೆ 2023ರಲ್ಲಿ ಒಂದು ವಿವರಣೆ ಬಂದದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ. ದೇಬಾಂಜನ್ ಪಾಲ್ ಮತ್ತು ಅತ್ರೇಯಿ ಘೋಷ್ 14 ಕೋಟಿ ವರ್ಷಗಳ ಭೂಗರ್ಭದ ಚಲನೆಯನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದರು. ಭಾರತ ಉತ್ತರಕ್ಕೆ ಸರಿಯುತ್ತ ಬಂದಾಗ ಮುಳುಗಿದ ಟೆಥಿಸ್ ಸಾಗರದ ತಳ ಆಫ್ರಿಕಾದ ಅಡಿಯ ಬಿಸಿ ದ್ರವ್ಯವನ್ನು ಕದಡಿತು, ಅದು ಹೊಗೆಯ ಕಂಬದಂತೆ ಮೇಲೆದ್ದು ಇಲ್ಲಿ ಹರಡಿತು, ಬಿಸಿಯಾದದ್ದು ಹಗುರ, ಆದ್ದರಿಂದ ಇಲ್ಲಿ ಎಳೆತ ಕಡಿಮೆ ಎನ್ನುವುದು ಅವರ ವಾದ.

ಈ ತಗ್ಗಿನ ಅಂಚಿನಲ್ಲೇ ದಕ್ಷಿಣ ಭಾರತ ಇದೆ. ನಿಮ್ಮ ಫೋನಿನಲ್ಲಿ ಜಿಪಿಎಸ್ ಎತ್ತರವನ್ನು ಹಾಗೆಯೇ ತೋರಿಸುವ ಆ್ಯಪ್ ಇದ್ದರೆ ಮಂಗಳೂರಿನ ಪಣಂಬೂರು ಕಡಲತೀರದಲ್ಲಿ ನಿಂತು ನೋಡಿ. ನೀವು ಸೊನ್ನೆಗಿಂತ ಎಂಬತ್ತಕ್ಕೂ ಹೆಚ್ಚು ಮೀಟರ್ ಕೆಳಗಿದ್ದೀರಿ ಎನ್ನುತ್ತದೆ. ಫೋನು ಕೆಟ್ಟಿಲ್ಲ. ಉಪಗ್ರಹಕ್ಕೆ ಸಮುದ್ರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎಲಿಪ್ಸಾಯ್ಡ್ ಎಂಬ ನುಣುಪಾದ ಗಣಿತದ ಆಕೃತಿ ಮಾತ್ರ. ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಜಾಗತಿಕ ಜಾಲಕ್ಕೆ ಸೇರಿದ ಒಂದು ಜಿಪಿಎಸ್ ಕೇಂದ್ರ ಬಹಳ ವರ್ಷಗಳಿಂದ ಇದೆ. ಆ ಆಕೃತಿಯಿಂದ ಅದರ ಎತ್ತರ ಸುಮಾರು 844 ಮೀಟರ್. ಅಲ್ಲಿ ಜಿಯಾಯ್ಡ್ ಸುಮಾರು 86 ಮೀಟರ್ ತಗ್ಗಿನಲ್ಲಿದೆ. ಎರಡನ್ನೂ ಕೂಡಿಸಿದರೆ 930. ಬೆಂಗಳೂರು ಸಮುದ್ರ ಮಟ್ಟದಿಂದ ಒಂಬೈನೂರು ಚಿಲ್ಲರೆ ಮೀಟರ್ ಎಂದು ನಾವು ಓದಿಕೊಂಡು ಬಂದ ಎತ್ತರ ಅದು.

ಕೂಡಿಸುವುದು ಇಷ್ಟು ಸುಲಭ ಎಂದಾದರೆ ಲೆವೆಲಿಂಗ್ ಗೋಜು ಬಿಟ್ಟು ಎಲ್ಲವನ್ನೂ ಉಪಗ್ರಹಕ್ಕೇ ವಹಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಅಡ್ಡಿ ಇರುವುದು ಆ 86ರಲ್ಲಿ. ಅದು 86.00 ಆಗಿರಬೇಕು, 86.30 ಆದರೆ ಕಾಲುವೆಯ ನೀರು ಹಿಂದಕ್ಕೆ ಹರಿದೀತು. ಅದನ್ನು ಸೆಂಟಿಮೀಟರ್ ಲೆಕ್ಕದಲ್ಲಿ ತಿಳಿಯಬೇಕಾದರೆ ನೆಲದ ಮೇಲೆ ಗುರುತ್ವವನ್ನು ಅಳೆದಿರಬೇಕು. 2002ರ ಗ್ರೇಸ್, 2009ರ ಗೋಸೆ ಉಪಗ್ರಹಗಳು ಆಕಾಶದಿಂದಲೇ ಗುರುತ್ವವನ್ನು ಅದ್ಭುತವಾಗಿ ಅಳೆದವು. ಗೋಸೆ ಅಂತೂ ಬರೀ 255 ಕಿಲೋಮೀಟರ್ ಎತ್ತರದಲ್ಲಿ, ವಾತಾವರಣವನ್ನು ಸವರಿಕೊಂಡೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಹಾರಿತು. ಆದರೆ ಅಷ್ಟು ಮೇಲಿನಿಂದ ಸ್ಪಷ್ಟವಾಗಿ ಕಾಣುವುದು ನೂರು ಕಿಲೋಮೀಟರ್ ಗಾತ್ರದ ಉಬ್ಬುತಗ್ಗುಗಳು ಮಾತ್ರ. ಕುದುರೆಮುಖದ ಕಬ್ಬಿಣದ ಬೆಟ್ಟ ಪಕ್ಕದ ಕಣಿವೆಯ ಜಿಯಾಯ್ಡನ್ನು ಎಷ್ಟು ಎಳೆಯುತ್ತದೆ ಎನ್ನುವುದನ್ನು ಕಣಿವೆಗೆ ಹೋಗಿಯೇ ಅಳೆಯಬೇಕು.

ಬೆಟ್ಟ ಎಳೆಯುತ್ತದೆ ಎನ್ನುವುದನ್ನು ಜಗತ್ತಿಗೆ ಜೋರಾಗಿ ಕಲಿಸಿದ್ದು ಭಾರತದ ಸರ್ವೆಯೇ. ಉತ್ತರದ ಕಲಿಯಾನಾ ಮತ್ತು ಮಧ್ಯ ಭಾರತದ ಕಲ್ಯಾಣಪುರದ ನಡುವಿನ ಅಂತರವನ್ನು ತ್ರಿಕೋನಗಳಿಂದ ಅಳೆದರೆ ಒಂದು ಉತ್ತರ, ನಕ್ಷತ್ರ ನೋಡಿ ಲೆಕ್ಕ ಹಾಕಿದರೆ ಇನ್ನೊಂದು. ವ್ಯತ್ಯಾಸ 5.236 ಸೆಕೆಂಡು ಕೋನ, ನೆಲದ ಮೇಲೆ ಸುಮಾರು 160 ಮೀಟರ್. ಹಿಮಾಲಯ ತೂಗುಗುಂಡನ್ನು ತನ್ನ ಕಡೆ ಎಳೆಯುತ್ತಿದೆ ಎಂದರು ಕಲ್ಕತ್ತೆಯ ಪಾದ್ರಿ ಜಾನ್ ಪ್ರ್ಯಾಟ್. 1855ರಲ್ಲಿ ಲೆಕ್ಕ ಮಾಡಿ ನೋಡಿದರೆ ಎಳೆತ ಅದರ ಮೂರು ಪಟ್ಟು ಇರಬೇಕಿತ್ತು! ಅಷ್ಟು ದೊಡ್ಡ ಬೆಟ್ಟ ಏಕೆ ಇಷ್ಟು ಕಡಿಮೆ ಎಳೆಯುತ್ತದೆ ಎನ್ನುವ ಪ್ರಶ್ನೆಯಿಂದಲೇ ಪರ್ವತಗಳ ಅಡಿಯಲ್ಲಿ ಹಗುರವಾದ ಬೇರುಗಳಿವೆ ಎನ್ನುವ ವಿಚಾರ ಬೆಳೆಯಿತು. ಇದನ್ನು ಪರೀಕ್ಷಿಸಲು ಕ್ಯಾಪ್ಟನ್ ಬ್ಯಾಸೆವಿ ಎಂಬ ಅಧಿಕಾರಿ 1865ರಿಂದ ದೇಶದುದ್ದಕ್ಕೂ ಲೋಲಕಗಳನ್ನು ಹೊತ್ತು ತಿರುಗಿದ. ಎಳೆತ ಕಡಿಮೆಯಿದ್ದಲ್ಲಿ ಲೋಲಕ ನಿಧಾನ. 1871ರಲ್ಲಿ ಲಡಾಖಿನ ಎತ್ತರದ ಬಯಲಿನಲ್ಲಿ, ಆ ಚಳಿಯಲ್ಲಿ ಲೋಲಕದ ಓಲಾಟ ಎಣಿಸುವ ಕೆಲಸದ ನಡುವೆಯೇ ತೀರಿಕೊಂಡ. ಎವರೆಸ್ಟ್ ಹೆಸರು ಎಲ್ಲರಿಗೂ ಗೊತ್ತು. ನನ್ನನ್ನು ಕೇಳಿದರೆ ಒಂದು ಶಿಖರಕ್ಕಾದರೂ ಬ್ಯಾಸೆವಿಯ ಹೆಸರಿಡಬಹುದಿತ್ತು.

ಗುರುತ್ವವನ್ನು ಮರೆತು ಬರೀ ಪಟ್ಟಿ ಓದಿ ಎತ್ತರ ಲೆಕ್ಕ ಮಾಡಿದರೆ ಏನಾಗುತ್ತದೆ? ಸಮಮಟ್ಟದ ಮೇಲ್ಮೈಗಳು ಒಂದಕ್ಕೊಂದು ಸಮಾನಾಂತರವಲ್ಲ. ಎಳೆತ ಹೆಚ್ಚಿದ್ದಲ್ಲಿ ಅವು ಹತ್ತಿರ ಬರುತ್ತವೆ. ಭೂಮಿಯ ಎಳೆತ ಸಮಭಾಜಕದಿಂದ ಧ್ರುವದ ಕಡೆಗೆ ಹೆಚ್ಚುತ್ತ ಹೋಗುತ್ತದೆ. ಕನ್ಯಾಕುಮಾರಿಯಲ್ಲಿ ಸಾವಿರ ಮೀಟರ್ ಮೇಲಿರುವ ಸಮಮಟ್ಟದ ಮೇಲ್ಮೈ ಶ್ರೀನಗರಕ್ಕೆ ಹೋಗುವಷ್ಟರಲ್ಲಿ ಒಂದೂವರೆ ಮೀಟರ್ ಕೆಳಗಿಳಿದಿರುತ್ತದೆ. ಹಾಗಾಗಿ ಒಂದೇ ಊರಿಗೆ ಎರಡು ದಾರಿಯಲ್ಲಿ ಲೆವೆಲಿಂಗ್ ಮಾಡಿಕೊಂಡು ಹೋದರೆ, ಒಂದು ತಪ್ಪೂ ಮಾಡದಿದ್ದರೂ ಎರಡು ಉತ್ತರ ಬರಬಹುದು. 1909ರಲ್ಲಿ ಇದು ಗೊತ್ತಿತ್ತು. ಆದರೆ ಜಾಗಜಾಗದ ಗುರುತ್ವದ ಅಳತೆ ಇರಲಿಲ್ಲ. ಅಕ್ಷಾಂಶ ನೋಡಿ ಸೂತ್ರದ ಗುರುತ್ವವನ್ನು ಹಾಕಿಕೊಂಡರು. ಮುಂದೆ ಸರ್ವೆ ಇಲಾಖೆ ಎರಡನೇ ಸಲ ಇಡೀ ಲೆವೆಲಿಂಗ್ ಜಾಲವನ್ನು ಹೆಣೆದು 2009ರ ಹೆಸರಿನ ಹೊಸ ಲಂಬ ಆಧಾರವನ್ನು ಕಟ್ಟಿತು. ಅದರಲ್ಲಿ ನಿಜವಾಗಿ ಅಳೆದ ಗುರುತ್ವವಿದೆ. ಇದು ದೊಡ್ಡ ಹೆಜ್ಜೆ, ಇದರ ಬಗ್ಗೆ ಆದ ಚರ್ಚೆ ತೀರ ಕಡಿಮೆ.

ಈಗ ಜಾಗತಿಕ ಸೊನ್ನೆಗೆ ಬರೋಣ. 2015ರಲ್ಲಿ ಪ್ರಾಗ್‌ನಲ್ಲಿ ಅಂತರರಾಷ್ಟ್ರೀಯ ಜಿಯೋಡೆಸಿ ಸಂಘ ಒಂದು ನಿರ್ಣಯ ಮಾಡಿತು. ಇಡೀ ಭೂಮಿಗೆ ಎತ್ತರದ ಸೊನ್ನೆ ಎಂದರೆ ಇನ್ನು ಮುಂದೆ ಯಾವ ಬಂದರೂ ಅಲ್ಲ, ಒಂದು ವಿಭವದ ಮೌಲ್ಯ: ಕಿಲೋಗ್ರಾಮಿಗೆ 6,26,36,853.4 ಜೂಲ್. ಈ ಮೌಲ್ಯವಿರುವ ಸಮಮಟ್ಟದ ಮೇಲ್ಮೈಯೇ ಸೊನ್ನೆ. ನಿಮ್ಮ ಊರಿನ ವಿಭವ ಇದಕ್ಕಿಂತ ಎಷ್ಟು ಕಡಿಮೆ ಎನ್ನುವುದೇ ನಿಮ್ಮ ಎತ್ತರ. ಕಿಲೋಗ್ರಾಮಿಗೆ ಸುಮಾರು 9.8 ಜೂಲಿಗೆ ಒಂದು ಮೀಟರ್. ಈ ಅಂಕಿ ಸ್ವರ್ಗದಿಂದ ಇಳಿದದ್ದಲ್ಲ. ಮ್ಯೂನಿಕ್‌ನ ಲಾರಾ ಸಾಂಚೆಝ್ ಮತ್ತು ಅವರ ಜೊತೆಗಾರರು ಉಪಗ್ರಹಗಳು ಅಳೆದ ಸಾಗರದ ಮೇಲ್ಮೈಯನ್ನೂ ಗುರುತ್ವದ ಮಾದರಿಗಳನ್ನೂ ಕೂಡಿಸಿ ತೆಗೆದದ್ದು. ಅದಕ್ಕೆ ಮೊದಲು ಬಳಕೆಯಲ್ಲಿದ್ದ ಮೌಲ್ಯ 853.4ರ ಬದಲು 856.0ಕ್ಕೆ ಮುಗಿಯುತ್ತಿತ್ತು. ವ್ಯತ್ಯಾಸ 2.6, ಅಂದರೆ ಎತ್ತರದಲ್ಲಿ 26 ಸೆಂಟಿಮೀಟರಿನಷ್ಟು. ನಾಳೆ ಸಮುದ್ರ ಇನ್ನಷ್ಟು ಏರಿದರೂ ಈ ಅಂಕಿ ಬದಲಾಗುವುದಿಲ್ಲ. ಸಮುದ್ರ ಎಷ್ಟು ಏರಿತು ಎಂದು ಅಳೆಯಲು ಸಮುದ್ರವನ್ನೇ ಸೊನ್ನೆ ಮಾಡಿಕೊಂಡರೆ ಆಗುವುದಿಲ್ಲವಲ್ಲ.

ಇದು ಬರೀ ವಿದ್ವಾಂಸರ ಚಟವೇ ಎಂದರೆ, ರೈನ್ ನದಿಯ ದಡದ ಲಾಫೆನ್‌ಬುರ್ಗ್‌ಗೆ ಹೋಗಬೇಕು. ಒಂದು ದಡ ಜರ್ಮನಿ, ಇನ್ನೊಂದು ದಡ ಸ್ವಿಟ್ಜರ್‌ಲೆಂಡ್. ಜರ್ಮನಿಯ ಸೊನ್ನೆ ಆಮ್‌ಸ್ಟರ್‌ಡ್ಯಾಮಿನ ಉತ್ತರ ಸಮುದ್ರದ್ದು, ಸ್ವಿಟ್ಜರ್‌ಲೆಂಡಿನದು ಮೆಡಿಟರೇನಿಯನ್ ತೀರದ ಮಾರ್ಸೇಯಿನದು. ಎರಡರ ನಡುವೆ 27 ಸೆಂಟಿಮೀಟರ್ ವ್ಯತ್ಯಾಸ ಇದೆ ಎಂದು ಎಂಜಿನಿಯರುಗಳಿಗೆ ಚೆನ್ನಾಗಿ ಗೊತ್ತಿತ್ತು. ಎರಡೂ ಕಡೆಯಿಂದ ಸೇತುವೆ ಕಟ್ಟುತ್ತ ಬಂದರು. 2003ರ ಕೊನೆಯ ಹೊತ್ತಿಗೆ ನೋಡಿದರೆ ಎರಡು ಕಡೆಗಳ ನಡುವೆ 54 ಸೆಂಟಿಮೀಟರ್ ಅಂತರ. ಕಳೆಯಬೇಕಾದಲ್ಲಿ ಕೂಡಿಸಿದ್ದರು, ಅಷ್ಟೇ. ಜರ್ಮನ್ ಬದಿಯನ್ನು ಇಳಿಸಿ ಸರಿಮಾಡಬೇಕಾಯಿತು. ವ್ಯತ್ಯಾಸ ಇದ್ದದ್ದು ತೊಂದರೆಯಲ್ಲ, ಅದರ ಲೆಕ್ಕ ಒಂದೊಂದು ಯೋಜನೆಯಲ್ಲೂ ಒಬ್ಬೊಬ್ಬರ ಕೈಗೆ ಬಿದ್ದದ್ದು ತೊಂದರೆ. ಎರಡೂ ದೇಶ ಒಂದೇ ಜಾಗತಿಕ ಮೇಲ್ಮೈಗೆ ತಮ್ಮ ತಮ್ಮ ದೂರವನ್ನು ಬರೆದಿಟ್ಟಿದ್ದರೆ ಚಿಹ್ನೆ ತಪ್ಪುವ ಪ್ರಮೇಯವೇ ಬರುತ್ತಿರಲಿಲ್ಲ.

ಇನ್ನೊಂದು ಗಡಿ ನಮಗೆ ಹತ್ತಿರದ್ದು. ಎವರೆಸ್ಟ್ ಶಿಖರದ ನೆತ್ತಿಯ ಮೇಲೇ ನೇಪಾಳ ಮತ್ತು ಚೀನಾದ ಗಡಿ ಹಾದುಹೋಗುತ್ತದೆ. ಚೀನಾ ಎತ್ತರ ಎಣಿಸುವುದು ಚಿಂಗ್ಡಾವ್ ಬಂದರಿನ ಹಳದಿ ಸಮುದ್ರದಿಂದ. ನೇಪಾಳಕ್ಕೆ ಕಡಲೇ ಇಲ್ಲ, ಅದರ ಸೊನ್ನೆ ಭಾರತದ ಬೆಂಚ್‌ಮಾರ್ಕುಗಳ ಮೂಲಕ ಬಂದ ನಮ್ಮ ಸೊನ್ನೆ. ರಾಧಾನಾಥ ಸಿಕ್ದಾರ್ ಅವರ ಲೆಕ್ಕದ ಮೇಲೆ 1856ರಲ್ಲಿ ಘೋಷಿಸಿದ್ದು 29,002 ಅಡಿ. 1950ರ ದಶಕದಲ್ಲಿ ಸರ್ವೆ ಆಫ್ ಇಂಡಿಯಾ ಕೊಟ್ಟದ್ದು 8848 ಮೀಟರ್. 2005ರಲ್ಲಿ ಚೀನಾ ಹಿಮ ಬಿಟ್ಟು ಬಂಡೆಯ ಲೆಕ್ಕಕ್ಕೆ 8844.43 ಎಂದಿತು. ನೇಪಾಳಕ್ಕೆ ಅದು ಒಪ್ಪಿಗೆಯಾಗಲಿಲ್ಲ. 2019ರ ಮೇ ತಿಂಗಳಲ್ಲಿ ಖಿಮ್ ಲಾಲ್ ಗೌತಮ್ ನೇತೃತ್ವದ ನೇಪಾಳಿ ಸರ್ವೆಯರುಗಳು ಜಿಪಿಎಸ್ ಹೊತ್ತು ಶಿಖರ ಏರಿದರು. ಮರುವರ್ಷ ಮೇ 27ರಂದು ಚೀನೀಯರು ಏರಿದರು, ಅವರ ಬಳಿ ಗುರುತ್ವಮಾಪಕವೂ ಇತ್ತು. ಆ ನೆತ್ತಿಯ ಮೇಲೆ ಗುರುತ್ವವನ್ನು ಅಳೆದದ್ದು ಅದೇ ಮೊದಲು.

2020ರ ಡಿಸೆಂಬರ್ 8ರಂದು ಎರಡೂ ದೇಶ ಒಟ್ಟಿಗೆ ಘೋಷಿಸಿದ ಎತ್ತರ 8848.86 ಮೀಟರ್. ಎಲ್ಲರೂ ಆ 86 ಸೆಂಟಿಮೀಟರಿನ ಬಗ್ಗೆ ಮಾತಾಡಿದರು. ಶಿಖರ ಬೆಳೆಯಿತೇ, ಭೂಕಂಪಕ್ಕೆ ಕುಸಿಯಿತೇ ಎಂದು ಚರ್ಚೆಯಾಯಿತು. ನನ್ನ ಮಟ್ಟಿಗೆ ದೊಡ್ಡ ಸುದ್ದಿ ಬೇರೆ ಇತ್ತು. ಆ ಎತ್ತರ ಹಳದಿ ಸಮುದ್ರದಿಂದಲೂ ಅಲ್ಲ, ನಮ್ಮ ಒಂಬತ್ತು ಬಂದರುಗಳಿಂದಲೂ ಅಲ್ಲ. ಎರಡೂ ದೇಶ ತಮ್ಮ ತಮ್ಮ ಸಮುದ್ರವನ್ನು ಪಕ್ಕಕ್ಕಿಟ್ಟು 2015ರ ಆ ಜಾಗತಿಕ ಮೇಲ್ಮೈಯನ್ನು ಸೊನ್ನೆ ಎಂದು ಒಪ್ಪಿಕೊಂಡವು. ಗಡಿಯಲ್ಲಿ ಇಂಥ ಒಪ್ಪಂದ ಆಗುವುದು ಅಪರೂಪ.

ನಮ್ಮ ದೇಶದ ಸೊನ್ನೆಯನ್ನು ಅದೇ ಮೇಲ್ಮೈಗೆ ಕಟ್ಟುವುದು ಹೇಗೆ? ವಿಧಾನ ಕೇಳಲು ಸರಳ. ಎತ್ತರ ಗೊತ್ತಿರುವ ಹಳೆಯ ಬೆಂಚ್‌ಮಾರ್ಕ್ ಕಲ್ಲಿನ ಮೇಲೆ ಒಳ್ಳೆಯ ಜಿಪಿಎಸ್ ಇಟ್ಟು ಗಂಟೆಗಟ್ಟಲೆ ಬಿಡಿ. ಎಲಿಪ್ಸಾಯ್ಡಿನಿಂದ ಎತ್ತರ ಸಿಗುತ್ತದೆ. ಅದರಿಂದ ಜಿಯಾಯ್ಡಿನ ಏರಿಳಿತವನ್ನು ಕಳೆಯಿರಿ. ಸಿಕ್ಕಿದ್ದನ್ನು ಕಲ್ಲಿನ ಪುಸ್ತಕದ ಎತ್ತರದ ಜೊತೆ ಹೋಲಿಸಿ. ಉಳಿದ ವ್ಯತ್ಯಾಸವೇ ನಮ್ಮ ಸೊನ್ನೆಗೂ ಜಗತ್ತಿನ ಸೊನ್ನೆಗೂ ಇರುವ ದೂರ. ಇದನ್ನು ಒಂದು ಕಲ್ಲಿನ ಮೇಲೆ ಮಾಡಿದರೆ ಸಾಲದು, ದೇಶದ ತುಂಬ ಮಾಡಬೇಕು. ವ್ಯತ್ಯಾಸ ಎಲ್ಲ ಕಡೆ ಒಂದೇ ಬಂದರೆ ಸಂತೋಷ. ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತ ಬದಲಾದರೆ, 1909ರಲ್ಲಿ ಬಲವಂತವಾಗಿ ಹಂಚಿದ ಆ ಒಂದು ಅಡಿ ಎಲ್ಲೆಲ್ಲಿ ಕೂತಿದೆ ಎನ್ನುವುದು ಅಲ್ಲೇ ಕಾಣುತ್ತದೆ.

ಈ ಲೆಕ್ಕಕ್ಕೆ ಬೇಕಾದದ್ದು ಮೂರು: ಜಿಪಿಎಸ್, ಗುರುತ್ವದ ಅಳತೆ, ಹಳೆಯ ಕಲ್ಲು. ಜಿಪಿಎಸ್ ಇಂದು ಸಮಸ್ಯೆಯೇ ಅಲ್ಲ. ಸರ್ವೆ ಆಫ್ ಇಂಡಿಯಾ ದೇಶದುದ್ದಕ್ಕೂ ಸದಾ ಕಣ್ತೆರೆದಿರುವ ಕೇಂದ್ರಗಳ ಜಾಲ ಹಾಕಿದೆ. ಗುರುತ್ವದ ಅಳತೆ ಅಷ್ಟು ಸಲೀಸಲ್ಲ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಎನ್‌ಜಿಆರ್‌ಐ 1975ರಲ್ಲೇ ದೇಶದ ಗುರುತ್ವ ನಕ್ಷೆ ತಂದಿತು, 2006ರಲ್ಲಿ ಹಲವು ಸಂಸ್ಥೆಗಳು ಸೇರಿ ಹೊಸದನ್ನು ತಂದವು. ಆದರೆ ಮೂಲ ಅಂಕಿಗಳು ಹೊರಗಿನ ಸಂಶೋಧಕರಿಗೆ ಬಹುಕಾಲ ಸುಲಭವಾಗಿ ಸಿಗುತ್ತಿರಲಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ನಕ್ಷೆಗಳ ಮೇಲಿನ ನಿರ್ಬಂಧಗಳನ್ನು ಸಡಿಲಿಸಿದ್ದು, 2022ರ ರಾಷ್ಟ್ರೀಯ ಭೂಪ್ರಾದೇಶಿಕ ನೀತಿಯಲ್ಲಿ 2030ರೊಳಗೆ ಬಯಲುಸೀಮೆಗೆ 25 ಸೆಂಟಿಮೀಟರ್ ನಿಖರತೆಯ ಎತ್ತರದ ಮಾದರಿ ಬೇಕು ಎಂದದ್ದು ಒಳ್ಳೆಯದೇ. ಆದರೆ 25 ಸೆಂಟಿಮೀಟರ್ ಯಾವ ಸೊನ್ನೆಯಿಂದ? ಸೊನ್ನೆಯೇ ಅಡಿಯಷ್ಟು ಹಿಂದೆಮುಂದೆ ಇದ್ದರೆ ಆ ನಿಖರತೆಗೆ ಅರ್ಥವಿಲ್ಲ.

ಹಾಗೆಂದು ಹಳೆಯ ಎತ್ತರಗಳನ್ನೆಲ್ಲ ಅಳಿಸಿ ಹೊಸದನ್ನು ಬರೆಯಬೇಕು ಎಂದು ನಾನು ಹೇಳುತ್ತಿಲ್ಲ. ನ್ಯಾಯಮಂಡಳಿಯ ತೀರ್ಪು, ಕಾಲುವೆಯ ನಕ್ಷೆ, ಮುಳುಗಡೆಯ ಪರಿಹಾರದ ಕಡತ ಎಲ್ಲವೂ ಹಳೆಯ ಅಂಕಿಯಲ್ಲಿವೆ. ಅವನ್ನು ಕೆದಕಿದರೆ ಕೋರ್ಟುಗಳಿಗೆ ಇನ್ನೊಂದು ನೂರು ವರ್ಷದ ಕೆಲಸ. ಹಳೆಯದು ಹಾಗೇ ಇರಲಿ, ಅದಕ್ಕೂ ಜಾಗತಿಕ ಮೇಲ್ಮೈಗೂ ಇಲ್ಲಿ ಇಷ್ಟು, ಅಲ್ಲಿ ಅಷ್ಟು ಎನ್ನುವ ಒಂದು ಅಧಿಕೃತ ಪಟ್ಟಿ ಯಾರು ಬೇಕಾದರೂ ನೋಡುವಂತೆ ಇರಲಿ. ಬೇಕಾದದ್ದು ಇಷ್ಟೇ.

ಮುಂದೊಂದು ದಿನ ಪಟ್ಟಿ ಹಿಡಿದು ನಡೆಯುವ ಕೆಲಸವೇ ಬೇಡವಾಗಬಹುದು. ಭೂಮಿಯ ಎಳೆತದಲ್ಲಿ ಕೆಳಗಿರುವ ಗಡಿಯಾರ ನಿಧಾನ ಎಂದು ಐನ್‌ಸ್ಟೈನ್ ಹೇಳಿದ್ದಾರೆ. ಒಂದು ಸೆಂಟಿಮೀಟರ್ ಮೇಲೆ ಇಟ್ಟ ಗಡಿಯಾರ ಕೆಳಗಿನದಕ್ಕಿಂತ ಹತ್ತು ಸಾವಿರ ಕೋಟಿ ಕೋಟಿಯಲ್ಲಿ ಸುಮಾರು ಒಂದು ಪಾಲು ಬೇಗ ಓಡುತ್ತದೆ, ಇಂದಿನ ಅತ್ಯುತ್ತಮ ಪರಮಾಣು ಗಡಿಯಾರಗಳು ಅದನ್ನೂ ಗುರುತಿಸಬಲ್ಲವು. ಜಪಾನಿನ ಹಿದೆತೋಶಿ ಕತೋರಿಯವರ ತಂಡ ಟೋಕಿಯೊ ಸ್ಕೈಟ್ರೀ ಗೋಪುರದಲ್ಲಿ 450 ಮೀಟರ್ ಎತ್ತರಕ್ಕೆ ಒಂದು ಗಡಿಯಾರ, ನೆಲದ ಮೇಲೆ ಒಂದು ಗಡಿಯಾರ ಇಟ್ಟು ಇದನ್ನು 2020ರಲ್ಲಿ ತೋರಿಸಿತು. ಗಡಿಯಾರ ನೋಡಿ ಎತ್ತರ ಹೇಳುವ ಕಾಲ ಅದು. ಅಲ್ಲಿಯವರೆಗೆ ಕಲ್ಲುಗಳೇ ಗತಿ.

ಆ ಕಲ್ಲುಗಳು ಕಣ್ಮರೆಯಾಗುತ್ತಿವೆ. ರಸ್ತೆ ಅಗಲ ಮಾಡುವಾಗ, ಹಳೆಯ ಸೇತುವೆ ಒಡೆಯುವಾಗ, ದೇವಸ್ಥಾನದ ಜೀರ್ಣೋದ್ಧಾರದಲ್ಲಿ ಮೆಟ್ಟಿಲಿಗೆ ಗ್ರಾನೈಟ್ ಹಾಸುವಾಗ ಜೆಸಿಬಿಗೆ ಬೆಂಚ್‌ಮಾರ್ಕೂ ಒಂದೇ, ಬರೀ ಕಲ್ಲೂ ಒಂದೇ. ಉಪಗ್ರಹ ಎಷ್ಟೇ ಚೆನ್ನಾಗಿರಲಿ, 1909ರ ಎತ್ತರ ಇರುವುದು ಆ ಕಲ್ಲಿನಲ್ಲಿ ಮಾತ್ರ. ಕಲ್ಲು ಹೋದರೆ ಹೋಲಿಸಲು ಹಳೆಯ ತುದಿಯೇ ಉಳಿಯುವುದಿಲ್ಲ. ಆದ್ದರಿಂದ ನಿಮ್ಮ ಊರಿನ ಹಳೆಯ ಛತ್ರದ ಕಟ್ಟೆಯಲ್ಲೋ ರೈಲು ನಿಲ್ದಾಣದ ಗೋಡೆಯ ಬುಡದಲ್ಲೋ ಬಾಣದ ಗುರುತು, ‘ಬಿಎಂ’ ಎಂದು ಕೊರೆದ ಅಕ್ಷರ ಕಂಡರೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ತಾಲ್ಲೂಕು ಭೂಮಾಪನ ಕಚೇರಿಗೆ ತಿಳಿಸಿ. ಅದರ ಮೇಲೆ ಸುಣ್ಣ ಬಳಿದರೂ ಪರವಾಗಿಲ್ಲ, ಚುನಾವಣೆಯ ಪೋಸ್ಟರ್ ಅಂಟಿಸಿದರೂ ಪರವಾಗಿಲ್ಲ, ಕೀಳುವುದಕ್ಕೆ ಮಾತ್ರ ಬಿಡಬೇಡಿ.